ನನ್ನ ಎಕ್ಸೆಲ್ ಶೀಟ್‌ಗೆ ಕೈಕೊಟ್ಟ ಬೆಟ್ಟ

ಸೈಮನ್ ಯೇಟ್ಸ್ ಹೆಸರಿನ ಮುಂದೆ ಮೈನಸ್ 15 ಅಂಕ ಹಾಕಿದವನು ನಾನೇ. ಹಾಕುವಾಗ ಒಂದು ಸೆಕೆಂಡ್ ಕೂಡ ಯೋಚಿಸಲಿಲ್ಲ.

2025ರ ಮೇ ತಿಂಗಳು. ಇಡೀ ಆಫೀಸು ಆರ್‌ಸಿಬಿ ಗುಂಗಿನಲ್ಲಿದ್ದರೆ, ಕಿಟಕಿ ಪಕ್ಕದ ನಾವು ಐದು ಜನ ಮಾತ್ರ ಇಟಲಿಯ ಸೈಕಲ್ ರೇಸ್ ಜಿರೋ ಡಿ'ಇಟಾಲಿಯಾ ಹಿಂದೆ ಬಿದ್ದಿದ್ದೆವು. ಗೊತ್ತಿಲ್ಲದವರಿಗೆ ಎರಡೇ ಮಾತು: ಮೂರು ವಾರ, 21 ಹಂತ. ಎಲ್ಲ ಹಂತಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವರಿಗೆ ಗುಲಾಬಿ ಜೆರ್ಸಿ. ಒಂದೂ ಹಂತ ಗೆಲ್ಲದೆ ಇಡೀ ರೇಸ್ ಗೆಲ್ಲಬಹುದು. ವಿಚಿತ್ರ ಅನ್ನಿಸುತ್ತೆ ಅಲ್ವಾ? ಮಜಾ ಇರೋದೇ ಅಲ್ಲಿ.

ಒಟ್ಟಾರೆ ಯಾರು ಗೆಲ್ಲುತ್ತಾರೆ ಅಂತ ರೇಸ್ ಶುರುವಾಗುವ ಮೊದಲೇ ಹೇಳಬೇಕು, ಸೋತವರು ಮಸಾಲೆ ದೋಸೆ ಕೊಡಿಸಬೇಕು. ಇದು ನಮ್ಮ ಪಂದ್ಯ. ನಾನು ಎರಡು ವೀಕೆಂಡ್ ಕೂತು ಶೀಟ್ ಮಾಡಿದೆ. ಟೈಮ್ ಟ್ರಯಲ್‌ನಲ್ಲಿ ಹೇಗೆ, ದೊಡ್ಡ ಬೆಟ್ಟಗಳಲ್ಲಿ ಹೇಗೆ, ಮೂರನೇ ವಾರದಲ್ಲಿ ಸುಸ್ತಾಗಿದ್ದಾರಾ, ಟೀಮ್ ಗಟ್ಟಿಯಿದೆಯಾ, ಎಲ್ಲಕ್ಕೂ ಅಂಕ. ಉತ್ತರ ಬಂತು: ಮೊದಲು 2023ರ ಚಾಂಪಿಯನ್ ಪ್ರಿಮೋಝ್ ರೋಗ್ಲಿಚ್, ಆಮೇಲೆ ಹುವಾನ್ ಅಯೂಸೊ. ಯೇಟ್ಸ್ ಎಲ್ಲೋ ಕೆಳಗೆ.

ಯಾಕೆ ಕೆಳಗೆ ಅಂದರೆ 2018. ಆ ವರ್ಷದ ಜಿರೋದಲ್ಲಿ ಯೇಟ್ಸ್ ಮೂರು ಹಂತ ಗೆದ್ದು, 13 ದಿನ ಗುಲಾಬಿ ಜೆರ್ಸಿ ಹಾಕಿಕೊಂಡು ಮೆರೆದಿದ್ದ. ಇನ್ನು ಮೂರೇ ಹಂತ ಬಾಕಿ. 19ನೇ ಹಂತದಲ್ಲಿ ಕೊಲ್ಲೆ ಡೆಲ್ಲೆ ಫಿನೆಸ್ತ್ರೆ ಎಂಬ ಬೆಟ್ಟ ಬಂತು. 18 ಕಿ.ಮೀ.ಗೂ ಉದ್ದದ ಏರು, ಸರಾಸರಿ ಶೇ. 9ರ ಇಳಿಜಾರು, ಕೊನೆಯ 8 ಕಿ.ಮೀ. ಡಾಂಬರೇ ಇಲ್ಲದ ಜಲ್ಲಿ ರಸ್ತೆ. ನಮ್ಮ ನಂದಿಬೆಟ್ಟದ ಏರು ಸುಮಾರು 8 ಕಿ.ಮೀ., ಅದಕ್ಕೇ ನಮಗೆ ನಾಲಿಗೆ ಹೊರಗೆ ಬರುತ್ತೆ. ಅಲ್ಲಿ ಕ್ರಿಸ್ ಫ್ರೂಮ್ ಇನ್ನೂ 80 ಕಿ.ಮೀ. ಇರುವಾಗಲೇ ಒಬ್ಬನೇ ಹೊರಟು ಹೋದ, ಕೊನೆಗೆ ಜಿರೋ ಅವನದೇ ಆಯಿತು. ಯೇಟ್ಸ್ ಅದೇ ಬೆಟ್ಟದಲ್ಲಿ ಕುಸಿದ. ಒಂದೇ ದಿನದಲ್ಲಿ 38 ನಿಮಿಷಕ್ಕೂ ಹೆಚ್ಚು ಕಳೆದುಕೊಂಡ.

2025ರ ಮಾರ್ಗದಲ್ಲೂ ಆ ಬೆಟ್ಟ ಇತ್ತು, ಅದೂ ರೇಸ್ ಮುಗಿಯುವ ಹಿಂದಿನ ದಿನ. ಅದಕ್ಕೇ ಮೈನಸ್ 15. ಟೆಸ್ಟಿಂಗ್ ಟೀಮ್‌ನ ನನ್ನ ಗೆಳತಿ ಮಾತ್ರ ಶೀಟ್ ನೋಡಿ, "ನನ್ನದು ಯೇಟ್ಸ್" ಎಂದಳು. ಕಾರಣ ಕೇಳಿದರೆ, "ಆ ಬೆಟ್ಟದಲ್ಲಿ ಅವನದೊಂದು ಲೆಕ್ಕ ಬಾಕಿ ಇದೆ ಕಣೋ." ಇವಳು ಒಮ್ಮೆ ನಂದಿಯ ಅರ್ಧ ದಾರಿಯಲ್ಲೇ ಸೈಕಲ್ ಒರಗಿಸಿ ಕೂತು ವಾಪಸ್ ಬಂದವಳು. ನಂತರದ ನಾಲ್ಕು ಭಾನುವಾರ ಯಾರಿಗೂ ಹೇಳದೆ ಒಬ್ಬಳೇ ಹೋಗಿದ್ದಳಂತೆ. ಇದು ಡೇಟಾ ಅಲ್ಲ ಅಂತ ನಾನು ನಕ್ಕೆ.

ರೇಸ್ ಶುರುವಾಯಿತು. ರೋಗ್ಲಿಚ್ ಬಿದ್ದ, ಮತ್ತೆ ಬಿದ್ದ, 16ನೇ ಹಂತದಲ್ಲಿ ರೇಸ್ ಬಿಟ್ಟ. ಅಯೂಸೊ ಮೊಣಕಾಲಿನ ಗಾಯದಲ್ಲೇ ಒದ್ದಾಡುತ್ತಿದ್ದ. ಸಾಲದ್ದಕ್ಕೆ ಜೇನ್ನೊಣ ಬೇರೆ ಕಚ್ಚಿತು. 18ನೇ ಹಂತದಲ್ಲಿ ಅವನೂ ಮನೆಗೆ. ಜೇನ್ನೊಣಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಗುಲಾಬಿ ಜೆರ್ಸಿ 9ನೇ ಹಂತದಿಂದ ಅಯೂಸೊ ಟೀಮ್‌ನವನೇ ಆದ, ಮೆಕ್ಸಿಕೋದ 21ರ ಹುಡುಗ ಇಸಾಕ್ ಡೆಲ್ ಟೊರೊ ಮೈಮೇಲೆ.

ಮೇ 31, ಶನಿವಾರ. ಆರ್‌ಸಿಬಿ ಫೈನಲ್ ತಲುಪಿ ಎರಡು ದಿನವಾಗಿತ್ತು. ರೂಮ್‌ನಲ್ಲಿ ಫೋನ್ ಹಿಡಿದು ಕೂತೆ. 20ನೇ ಹಂತ ಶುರುವಾದಾಗ ಡೆಲ್ ಟೊರೊ ಮೊದಲು, 43 ಸೆಕೆಂಡ್ ಹಿಂದೆ ಈಕ್ವೆಡಾರ್‌ನ ರಿಚರ್ಡ್ ಕರಪಾಸ್, 1 ನಿಮಿಷ 21 ಸೆಕೆಂಡ್ ಹಿಂದೆ ಯೇಟ್ಸ್. ಫಿನೆಸ್ತ್ರೆ ಬುಡದಲ್ಲೇ ಕರಪಾಸ್ ನುಗ್ಗಿದ, ಡೆಲ್ ಟೊರೊ ನೆರಳಿನಂತೆ ಅಂಟಿಕೊಂಡ. ಹಿಂದಿನಿಂದ ಬಂದು ಸೇರಿದ ಯೇಟ್ಸ್ ಮತ್ತೆ ಮತ್ತೆ ವೇಗ ಹೆಚ್ಚಿಸಿ, ಕೊನೆಗೆ ಇಬ್ಬರನ್ನೂ ಬಿಟ್ಟು ಹೋದ.

ಆಮೇಲೆ ಆದದ್ದನ್ನು ನಾನು ಇವತ್ತಿಗೂ ರೀಪ್ಲೇ ಹಾಕಿ ನೋಡುತ್ತೇನೆ. ಸೈಕಲ್ ರೇಸಿನಲ್ಲಿ ಮುಂದೆ ಇರುವವನು ಗಾಳಿ ಸೀಳಬೇಕು, ಹಿಂದಿನವನಿಗೆ ಆರಾಮ. ಹಾಗಾಗಿ ಅಟ್ಟಿಸಿಕೊಂಡು ಹೋಗುವ ಕೆಲಸ ಯಾರಿಗೂ ಬೇಡ. ಜೆರ್ಸಿ ನಿನ್ನದು, ನೀನೇ ಅಟ್ಟು ಅನ್ನೋದು ಕರಪಾಸ್ ಲೆಕ್ಕ. ನನಗೆ ಹತ್ತಿರದ ಅಪಾಯ ನೀನು, ನಿನ್ನನ್ನು ಎಳೆದುಕೊಂಡು ಹೋಗಿ ಕೊನೆಗೆ ನಿನ್ನ ಕೈಯಲ್ಲೇ ಯಾಕೆ ಸೋಲಲಿ ಅನ್ನೋದು ಡೆಲ್ ಟೊರೊ ಲೆಕ್ಕ. ಇಬ್ಬರ ಲೆಕ್ಕವೂ ಒಂದು ಮಟ್ಟಿಗೆ ಸರಿ. ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಈ ಬಗ್ ಯಾರದು ಅಂತ ಎರಡು ಟೀಮ್ ಮುಖ ನೋಡಿಕೊಳ್ಳುವಾಗ ಪ್ರೊಡಕ್ಷನ್ ಬಿದ್ದುಹೋಗುತ್ತಲ್ಲ, ಥೇಟ್ ಹಾಗೆ. ಅತ್ತ ಯೇಟ್ಸ್ ಟೀಮ್‌ನವರು ಬೆಳಗ್ಗೆಯೇ ವೌಟ್ ವಾನ್ ಆರ್ಟ್‌ನನ್ನು ಮುಂದಿನ ಗುಂಪಿನಲ್ಲಿ ಕಳಿಸಿಟ್ಟಿದ್ದರು. ಬೆಟ್ಟ ಇಳಿದ ಯೇಟ್ಸ್‌ಗೆ ಅವನು ಕಾದು ಸಿಕ್ಕ. ಆ ದೈತ್ಯನ ಹಿಂದೆ ಗಾಳಿ ತಪ್ಪಿಸಿಕೊಂಡು ಯೇಟ್ಸ್ ಕಣಿವೆ ದಾಟಿದ. ಸೆಸ್ತ್ರಿಯೆರೆ ತಲುಪುವಷ್ಟರಲ್ಲಿ ಇಬ್ಬರಿಗಿಂತ 5 ನಿಮಿಷಕ್ಕೂ ಹೆಚ್ಚು ಮುಂದೆ.

ಮರುದಿನ ರೋಮ್‌ನಲ್ಲಿ ಜಿರೋ ಅವನದಾಯಿತು, 3 ನಿಮಿಷ 56 ಸೆಕೆಂಡ್ ಅಂತರದಲ್ಲಿ. ಒಂದೂ ಹಂತ ಗೆಲ್ಲದೆ! ಮಾರ್ಗ ಪ್ರಕಟವಾದ ದಿನದಿಂದಲೇ ಈ ಬೆಟ್ಟ ತಲೆಯಲ್ಲಿತ್ತು ಅಂತ ಆಮೇಲೆ ಅವನೇ ಹೇಳಿದ.

ಅಂದರೆ ಶೀಟಿನಲ್ಲಿ ನಾನು ಹುಡುಕಿ ಹಾಕಿದ್ದ ಮಾಹಿತಿ ಸರಿಯೇ ಇತ್ತು. ತಪ್ಪಿದ್ದು ಅದರ ಮುಂದಿನ ಚಿಹ್ನೆ. ಬಿದ್ದ ಜಾಗವನ್ನು ಏಳು ವರ್ಷ ತಲೆಯಲ್ಲಿ ಹೊತ್ತು ತಿರುಗಿದವನಿಗೆ ಅಂಕ ಕಳೆಯಬೇಕೋ ಕೂಡಬೇಕೋ, ಹಳೆಯ ಫಲಿತಾಂಶ ನೋಡಿ ಹೇಳೋಕಾಗಲ್ಲ. ಕುಸಿದ ಜಾಗದಲ್ಲೇ ಮತ್ತೆ ಕುಸಿದವರೂ ಬೇಕಾದಷ್ಟು ಜನ ಇದ್ದಾರೆ, ಅದನ್ನೂ ಮರೆಯೋ ಹಾಗಿಲ್ಲ. ಗೆಳತಿಗೆ ಇದನ್ನೇ ಹೇಳಿದೆ. "ಇರಬಹುದು. ಮೊದಲು ದೋಸೆ" ಎಂದಳು.

ಸೋಮವಾರ ನಾವು ನಾಲ್ವರು ಸೇರಿ ಅವಳಿಗೆ ದೋಸೆ ಕೊಡಿಸಿದೆವು. ಎರಡನೇ ಕಾಫಿ ಹೊತ್ತಿಗೆ, "ಜುಲೈಗೆ ಟೂರ್ ಡಿ ಫ್ರಾನ್ಸ್ ಇದೆಯಲ್ಲ, ನಿನ್ನ ಶೀಟ್ ಏನನ್ನುತ್ತೆ?" ಅಂತ ಕೇಳಿದಳು.

"ಪೊಗಾಚಾರ್" ಎಂದೆ. ಹಿಂದಿನ ವರ್ಷದ ಜಿರೋವನ್ನು ಹತ್ತಿರ ಹತ್ತಿರ 10 ನಿಮಿಷದ ಅಂತರದಲ್ಲಿ ಗೆದ್ದಿದ್ದ ಆಸಾಮಿ ಅವನು.

"ಅದಕ್ಕೆ ಶೀಟ್ ಬೇರೆ ಬೇಕಾ?" ಎಂದು ಚಟ್ನಿ ಬಟ್ಟಲು ತನ್ನ ಕಡೆ ಎಳೆದುಕೊಂಡಳು.