24 ಕೋಟಿ ಡಾಲರ್ ಕರಾರು: ಕ್ವಾರ್ಟರ್‌ಬ್ಯಾಕ್ ಕೈಗೆ ಬರುವುದೆಷ್ಟು, ತಂಡಕ್ಕೆ ಉಳಿಯುವುದೆಷ್ಟು?

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಜೊತೆ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್‌ನ ಹೊಸ ಕರಾರು ಮಾಡಿಕೊಂಡಿತು. ವರ್ಷಕ್ಕೆ 6 ಕೋಟಿ ಡಾಲರ್, ರೂಪಾಯಿ ಲೆಕ್ಕದಲ್ಲಿ 500 ಕೋಟಿಗೂ ಮೇಲೆ. ವರ್ಷದ ಸರಾಸರಿ ನೋಡಿದರೆ ಅಮೆರಿಕನ್ ಫುಟ್ಬಾಲ್‌ನಲ್ಲಿ ಅದುವರೆಗೆ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಸಹಿ ಹಾಕಿ ಎರಡು ತಿಂಗಳಾಗುವಷ್ಟರಲ್ಲಿ ಪ್ರೆಸ್ಕಾಟ್ ತೊಡೆಯ ಹಿಂಭಾಗಕ್ಕೆ ಗಾಯವಾಗಿ ಸೀಸನ್‌ನ ಉಳಿದ ಪಂದ್ಯಗಳನ್ನು ಆಡಲಾಗಲಿಲ್ಲ. 17 ಪಂದ್ಯಗಳಲ್ಲಿ ಕೌಬಾಯ್ಸ್ ಗೆದ್ದದ್ದು 7 ಮಾತ್ರ.

ಮೊಬೈಲ್‌ನಲ್ಲಿ ಈ ಸುದ್ದಿ ಓದಿದವರಿಗೆ ಸಹಜವಾಗಿ ಎರಡು ಪ್ರಶ್ನೆ ಬರುತ್ತವೆ. ಆ ದುಡ್ಡು ನಿಜವಾಗಿ ಅವರಿಗೆ ಸಿಗುತ್ತದಾ? ಒಬ್ಬನಿಗೇ ಇಷ್ಟು ಕೊಟ್ಟರೆ ಉಳಿದವರ ಗತಿಯೇನು? ಎರಡಕ್ಕೂ ಉತ್ತರ ಇರುವುದು ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಮಿತಿ ಎಂಬ ನಿಯಮದಲ್ಲಿ.

ಒಂದೇ ಪಾತ್ರೆ, 53 ಪಾಲು

ಅಮೆರಿಕನ್ ಫುಟ್ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಆಟಗಾರರ ಸಂಬಳಕ್ಕೆ ಪ್ರತಿ ತಂಡ ವರ್ಷಕ್ಕೆ ಎಷ್ಟು ಲೆಕ್ಕ ತೋರಿಸಬಹುದು ಎಂದು ಲೀಗ್ ಮೊದಲೇ ಹೇಳಿಬಿಡುತ್ತದೆ. ಮಾಲೀಕ ಎಷ್ಟೇ ದೊಡ್ಡ ಶ್ರೀಮಂತನಾಗಿರಲಿ, ಆ ಗೆರೆ ದಾಟುವ ಹಾಗಿಲ್ಲ. ದಂಡ ಕಟ್ಟಿ ದಾಟುತ್ತೇನೆ ಎಂದರೂ ಆಗುವುದಿಲ್ಲ.

1994ರಲ್ಲಿ ಈ ನಿಯಮ ಶುರುವಾದಾಗ ಮಿತಿ 3.46 ಕೋಟಿ ಡಾಲರ್ ಇತ್ತು. 2025ಕ್ಕೆ ಅದು 27.92 ಕೋಟಿ ಡಾಲರ್, ಸುಮಾರು 2,400 ಕೋಟಿ ರೂಪಾಯಿ. ಮಿತಿಯನ್ನು ನಿಗದಿ ಮಾಡುವುದು ಲೀಗ್‌ನ ಆದಾಯದ ಮೇಲೆ. 2020ರಲ್ಲಿ ಆಟಗಾರರ ಸಂಘದ ಜೊತೆ ಆದ ಒಪ್ಪಂದದ ಪ್ರಕಾರ ಆದಾಯದ ಕನಿಷ್ಠ ಶೇ.48 ಆಟಗಾರರ ಪಾಲು. 2021ರಲ್ಲಿ ಟಿವಿ ಮತ್ತು ಸ್ಟ್ರೀಮಿಂಗ್ ಕಂಪೆನಿಗಳ ಜೊತೆ 11 ವರ್ಷಕ್ಕೆ ಸುಮಾರು 11,000 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದ ಆದ ಮೇಲೆ ಮಿತಿ ಜಿಗಿಯುತ್ತಾ ಹೋಯಿತು. ಕೊರೋನಾ ಕಾಲದಲ್ಲಿ ಸ್ಟೇಡಿಯಂಗಳು ಖಾಲಿಯಾದಾಗ ಇಳಿದದ್ದೂ ಉಂಟು: 2020ರ 19.82 ಕೋಟಿಯಿಂದ 2021ಕ್ಕೆ 18.25 ಕೋಟಿಗೆ.

ಐಪಿಎಲ್ ನೋಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 2025ರ ಐಪಿಎಲ್‌ಗೆ ಪ್ರತಿ ಫ್ರಾಂಚೈಸಿಗೆ ಇದ್ದ ಹಣ 120 ಕೋಟಿ ರೂಪಾಯಿ. ಅದರಲ್ಲಿ ಲಕ್ನೋ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಅಂದರೆ ಐದನೇ ಒಂದು ಪಾಲಿಗಿಂತ ಹೆಚ್ಚು ಒಬ್ಬನಿಗೇ ಹೋಯಿತು. ಎನ್‌ಎಫ್‌ಎಲ್‌ನಲ್ಲೂ ಕಥೆ ಇದೇ, ಆದರೆ ಊಟಕ್ಕೆ ಕೂರುವವರು ಜಾಸ್ತಿ. ಒಂದು ತಂಡದಲ್ಲಿ 53 ಮಂದಿ.

ಅವನಿಗೇ ಯಾಕೆ ಇಷ್ಟು?

ಮೈದಾನದಲ್ಲಿ ಒಂದು ತಂಡದ 11 ಮಂದಿ ಇದ್ದರೂ, ದಾಳಿಯ ಹೆಚ್ಚುಕಡಿಮೆ ಪ್ರತಿ ಎಸೆತದಲ್ಲೂ ಚೆಂಡು ಮೊದಲು ಕೈಗೆ ಬರುವುದು ಕ್ವಾರ್ಟರ್‌ಬ್ಯಾಕ್‌ಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ತಾನೇ ಓಡಬೇಕಾ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನೇ. ಈ ಕೆಲಸ ಚೆನ್ನಾಗಿ ಮಾಡುವವರು 32 ತಂಡಗಳಿಗೆ ಸಾಕಾಗುವಷ್ಟು ಜನ ಯಾವತ್ತೂ ಇಲ್ಲ. ಹಾಗಾಗಿ ಸಿಕ್ಕಿದವನನ್ನು ಬಿಡಲು ತಂಡಗಳಿಗೆ ಭಯ. ಒಬ್ಬನಿಗೆ ಕೊಟ್ಟ ಮೊತ್ತ ಮುಂದಿನವನ ಮಾತುಕತೆಗೆ ಆರಂಭದ ಬೆಲೆಯಾಗುತ್ತದೆ. 2023ರಲ್ಲಿ ಸಿನ್ಸಿನಾಟಿಯ ಜೋ ಬರೋಗೆ ವರ್ಷಕ್ಕೆ 5.5 ಕೋಟಿ ಡಾಲರ್ ಸಿಕ್ಕಿತು. ಮರುವರ್ಷ ಪ್ರೆಸ್ಕಾಟ್‌ಗೆ 6 ಕೋಟಿ.

ದೊಡ್ಡ ಅಂಕಿ ಬೇರೆ, ಗ್ಯಾರಂಟಿ ಬೇರೆ

ಗಲ್ಫ್‌ಗೆ ಹೋಗುವ ಯುವಕರಿಗೆ ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ, ‘ಬೇಸಿಕ್ ಎಷ್ಟು?’ ಆಫರ್ ಲೆಟರ್‌ನ ಕೊನೆಯ ಸಾಲಿನಲ್ಲಿರುವ ಒಟ್ಟು ಮೊತ್ತವನ್ನು ಮಾತ್ರ ನೋಡಿದರೆ ಸಾಲದು ಎಂದು ಅನುಭವಸ್ಥರಿಗೆ ಗೊತ್ತು. ಎನ್‌ಎಫ್‌ಎಲ್ ಕರಾರನ್ನೂ ಹಾಗೆಯೇ ಓದಬೇಕು.

ಇಲ್ಲಿನ ಹೆಚ್ಚಿನ ಕರಾರುಗಳಲ್ಲಿ ಪೂರ್ತಿ ಮೊತ್ತಕ್ಕೆ ಖಾತ್ರಿ ಇರುವುದಿಲ್ಲ. ಆಟಗಾರ ಬೇಡವೆಂದಾದರೆ ತಂಡ ಅವನನ್ನು ಮಧ್ಯದಲ್ಲೇ ಕೈಬಿಡಬಹುದು; ಖಾತ್ರಿ ಇಲ್ಲದ ಮುಂದಿನ ವರ್ಷಗಳ ಸಂಬಳ ಅಲ್ಲಿಗೇ ಮುಗಿಯಿತು. ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ 2020ರಲ್ಲಿ 10 ವರ್ಷಕ್ಕೆ 45 ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿದಾಗ ಜಗತ್ತಿಗೆಲ್ಲ ಸುದ್ದಿಯಾಯಿತು. ಸಹಿ ಹಾಕಿದ ದಿನ ಪೂರ್ಣ ಖಾತ್ರಿ ಇದ್ದದ್ದು ಸುಮಾರು 6.3 ಕೋಟಿಗೆ. ಉಳಿದದ್ದಕ್ಕೆ ಅವರು ತಂಡದಲ್ಲಿ ಉಳಿದಂತೆ ವರ್ಷ ವರ್ಷವೂ ಖಾತ್ರಿ ಸಿಗುತ್ತಾ ಹೋಗುವ ಏರ್ಪಾಡು.

ಪ್ರೆಸ್ಕಾಟ್ ವಿಷಯ ತಿರುಗು ಮುರುಗು. ಅವರ 24 ಕೋಟಿಯಲ್ಲಿ 23.1 ಕೋಟಿ ಗ್ಯಾರಂಟಿ ಮೊತ್ತ. ಇದರ ಹಿಂದೆ ಒಂದು ಪಾಠ ಉಂಟು. 2020ರಲ್ಲಿ ದೀರ್ಘ ಕರಾರು ಕುದುರದೆ ಅವರು ಒಂದೇ ವರ್ಷದ ಕರಾರಿನಲ್ಲಿ ಆಡುತ್ತಿದ್ದರು. ಅಕ್ಟೋಬರ್‌ನಲ್ಲಿ ಮೈದಾನದಲ್ಲೇ ಕಾಲಿನ ಗಂಟು ಮುರಿಯಿತು. ಕೈಯಲ್ಲಿ ಮುಂದಿನ ವರ್ಷದ ಭರವಸೆಯೇ ಇರಲಿಲ್ಲ. ಮತ್ತೆ ನಿಂತು 2021ರಲ್ಲಿ ದೊಡ್ಡ ಕರಾರು ಪಡೆದರು ನಿಜ, ಆದರೆ ಅಂಥ ಗಾಯದಿಂದ ಎಲ್ಲರೂ ವಾಪಸು ಬರುವುದಿಲ್ಲ.

2022ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಡಿಶಾನ್ ವಾಟ್ಸನ್‌ಗೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಕೊಟ್ಟು, ಪೂರ್ತಿ ಮೊತ್ತವನ್ನೂ ಖಾತ್ರಿ ಮಾಡಿತು. ಉಳಿದ ಆಟಗಾರರು ‘ನಮಗೂ ಹಾಗೇ ಬೇಕು’ ಎಂದರೆ ಏನು ಗತಿ ಎಂದು ಬೇರೆ ಮಾಲೀಕರಿಗೆ ಚಿಂತೆ ಹತ್ತಿತು. ಆಟಗಾರರ ಸಂಘ ದೂರು ಕೊಟ್ಟಿತು. ಕರಾರುಗಳಲ್ಲಿ ಗ್ಯಾರಂಟಿ ಕಡಿಮೆ ಮಾಡುವಂತೆ ಲೀಗ್ ತಂಡಗಳಿಗೆ ಪ್ರೋತ್ಸಾಹ ಕೊಟ್ಟಿತ್ತು, ಆದರೆ ತಂಡಗಳು ಒಳಒಪ್ಪಂದ ಮಾಡಿಕೊಂಡವು ಎನ್ನಲು ಸಾಕ್ಷ್ಯ ಸಾಲದು ಎಂದು ಮಧ್ಯಸ್ಥಗಾರರು 2025ರ ಜನವರಿಯಲ್ಲಿ ತೀರ್ಪು ಕೊಟ್ಟರು. ಇತ್ತ ವಾಟ್ಸನ್ ಗಾಯ, ಅಮಾನತು ಎಂದು ಹೆಚ್ಚಿನ ಪಂದ್ಯ ಆಡಲೇ ಇಲ್ಲ. ಹಣ ಮಾತ್ರ ಕೊಡಲೇಬೇಕು.

ಇವತ್ತು ಕೊಟ್ಟದ್ದು, ನಾಳೆಯ ಲೆಕ್ಕಕ್ಕೆ

ಮಿತಿ ಇಷ್ಟು ಬಿಗಿಯಾಗಿದ್ದರೆ ತಂಡಗಳು ಇಂಥ ಕರಾರು ಮಾಡುವುದು ಹೇಗೆ? ದಾರಿ ಇರುವುದು ಸಹಿ ಬೋನಸ್‌ನಲ್ಲಿ. ಒಬ್ಬ ಆಟಗಾರನಿಗೆ 5 ಕೋಟಿ ಡಾಲರ್ ಸಹಿ ಬೋನಸ್ ಕೊಟ್ಟರು ಎಂದಿಟ್ಟುಕೊಳ್ಳಿ. ಹಣ ಆಟಗಾರನ ಕೈಗೆ ಕೂಡಲೇ ಬರುತ್ತದೆ. ಆದರೆ ಮಿತಿಯ ಪುಸ್ತಕದಲ್ಲಿ ಅದನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ 1 ಕೋಟಿಯಂತೆ ಬರೆಯಬಹುದು. ಈ ವರ್ಷ 4 ಕೋಟಿ ಉಳಿಯಿತು, ಅದರಲ್ಲಿ ಬೇರೆ ಆಟಗಾರರನ್ನು ತರಬಹುದು.

ಸಾಲ ತೀರಿಸುವ ದಿನ ಬಂದೇ ಬರುತ್ತದೆ. ಎರಡು ವರ್ಷ ಆಡಿದ ಮೇಲೆ ಅವನನ್ನು ಕೈಬಿಟ್ಟರೆ ಬಾಕಿ 3 ಕೋಟಿ ತಂಡದ ಲೆಕ್ಕಕ್ಕೆ ಬೀಳುತ್ತದೆ. ಆಟಗಾರ ಇಲ್ಲ, ಅವನ ಖರ್ಚು ಮಾತ್ರ ಇದೆ. ಇದಕ್ಕೆ ‘ಡೆಡ್ ಮನಿ’ ಎನ್ನುತ್ತಾರೆ.

ಡೆನ್ವರ್ ತಂಡ ಇದರ ರುಚಿ ನೋಡಿದೆ. 2022ರಲ್ಲಿ ರಸೆಲ್ ವಿಲ್ಸನ್ ಜೊತೆ ಭಾರಿ ಕರಾರು ಮಾಡಿ, ಎರಡೇ ಸೀಸನ್ ಆದ ಮೇಲೆ 2024ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಎರಡು ವರ್ಷಗಳಲ್ಲಿ ತಂಡದ ತಲೆಗೆ ಬಿದ್ದ ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್. ವಿಲ್ಸನ್ ಆ ವರ್ಷ ಪಿಟ್ಸ್‌ಬರ್ಗ್ ಪರ ಕನಿಷ್ಠ ಸಂಬಳಕ್ಕೆ ಆಡಿದರು, ಯಾಕೆಂದರೆ ದೊಡ್ಡ ಮೊತ್ತ ಡೆನ್ವರ್‌ನಿಂದ ಬರುತ್ತಿತ್ತು.

ಹಾಗಿದ್ದರೂ ಡೆನ್ವರ್ 2024ರಲ್ಲಿ ಪ್ಲೇಆಫ್ ತಲುಪಿತು. ಕಾರಣಗಳಲ್ಲಿ ಒಂದು, ಹೊಸ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್‌ರ ಸಂಬಳ. ಕಾಲೇಜಿನಿಂದ ಡ್ರಾಫ್ಟ್ ಮೂಲಕ ಬರುವ ಹೊಸಬರಿಗೆ ಎಷ್ಟು ಕೊಡಬೇಕೆಂದು 2011ರಿಂದ ಕಟ್ಟುನಿಟ್ಟಿನ ಪಟ್ಟಿ ಇದೆ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ 5 ಕೋಟಿ ಡಾಲರ್ ಗ್ಯಾರಂಟಿ ಸಿಕ್ಕಿತ್ತು; ಮರುವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಇಡೀ ಕರಾರೇ ಸುಮಾರು 2.2 ಕೋಟಿ.

ಕಡಿಮೆ ಸಂಬಳದ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕಿದರೆ ತಂಡಕ್ಕೆ ಲಾಟರಿ. ಸ್ಯಾನ್ ಫ್ರಾನ್ಸಿಸ್ಕೋದ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯ, 262ನೇ ಆಯ್ಕೆ. ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್. ಅದೇ ಸಂಬಳದಲ್ಲಿ ಅವರು ತಂಡವನ್ನು 2024ರ ಫೆಬ್ರವರಿಯ ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ ಕೊಂಡೊಯ್ದರು. 2025ರ ಮೇ ತಿಂಗಳಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಕರಾರು ಸಿಕ್ಕಿತು. ಆ ಹೊತ್ತಿಗೆ ಡೀಬೋ ಸ್ಯಾಮ್ಯುಯೆಲ್, ಡ್ರೆ ಗ್ರೀನ್‌ಲಾ, ತಲನೋವಾ ಹುಫಾಂಗಾ ಮುಂತಾದ ಅವರ ಜೊತೆಗಾರರು ಬೇರೆ ತಂಡ ಸೇರಿಯಾಗಿತ್ತು.

ಉಳಿದ 52 ಮಂದಿ

ದುಬಾರಿ ಕ್ವಾರ್ಟರ್‌ಬ್ಯಾಕ್ ಇದ್ದರೆ ಗೆಲ್ಲಲು ಆಗುವುದೇ ಇಲ್ಲವೆಂದಲ್ಲ. 1994ರ ಸೀಸನ್‌ನಲ್ಲಿ ಸ್ಟೀವ್ ಯಂಗ್ ತಂಡದ ಮಿತಿಯ ಶೇ.13.1 ಪಾಲು ತೆಗೆದುಕೊಂಡು ಸೂಪರ್ ಬೌಲ್ ಗೆದ್ದಿದ್ದರು. ಅದಕ್ಕಿಂತ ದೊಡ್ಡ ಪಾಲು ಪಡೆದ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಮುಂದೆ ಸುಮಾರು ಮೂರು ದಶಕ ಗೆಲ್ಲಲಿಲ್ಲ. 2022ರ ಸೀಸನ್‌ನಲ್ಲಿ ಮಹೋಮ್ಸ್ ಸುಮಾರು ಶೇ.17 ಪಾಲಿನೊಂದಿಗೆ ಗೆದ್ದು ಆ ದಾಖಲೆ ಮುರಿದರು. ಅದಕ್ಕೂ ಮುಂಚೆ ಅವರ ತಂಡ ವೇಗದ ಆಟಗಾರ ಟೈರೀಕ್ ಹಿಲ್‌ರನ್ನು ಮಯಾಮಿಗೆ ಬಿಟ್ಟುಕೊಟ್ಟು, ಬದಲಿಗೆ ಸಿಕ್ಕ ಡ್ರಾಫ್ಟ್ ಆಯ್ಕೆಗಳಲ್ಲಿ ಕಡಿಮೆ ಸಂಬಳದ ಹೊಸ ಹುಡುಗರನ್ನು ತಂದಿತ್ತು.

ಈ ಹೊಸ ಹುಡುಗರೇ ಇಡೀ ಲೆಕ್ಕವನ್ನು ಹೊತ್ತು ನಿಲ್ಲುವವರು. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8.4 ಲಕ್ಷ ಡಾಲರ್. ಕೇಳಲು ದೊಡ್ಡದೇ. ಆದರೆ ಮೈಗೆ ಮೈ ಡಿಕ್ಕಿ ಹೊಡೆಯುವ ಈ ಆಟದಲ್ಲಿ ಹಲವರ ವೃತ್ತಿಜೀವನ ಮೂರ್ನಾಲ್ಕು ವರ್ಷಕ್ಕೇ ಮುಗಿಯುತ್ತದೆ. ಮೊದಲ ಕರಾರು ಮುಗಿದು ದೊಡ್ಡ ಕರಾರಿನ ಹೊತ್ತು ಬರುವ ಮೊದಲೇ ಅವರು ಮನೆಗೆ ಹೋಗಿರುತ್ತಾರೆ.

ಮುಂದಿನ ಸಲ ‘ದಾಖಲೆಯ ಕರಾರು’ ಎಂಬ ಶೀರ್ಷಿಕೆ ಕಂಡರೆ ಮೂರು ವಿಷಯ ಹುಡುಕಿದರೆ ಸಾಕು: ಗ್ಯಾರಂಟಿ ಎಷ್ಟು, ಮಿತಿಯಲ್ಲಿ ಅದು ಶೇಕಡಾ ಎಷ್ಟು, ಮತ್ತು ಆ ವರ್ಷ ತಂಡ ಯಾರನ್ನೆಲ್ಲ ಕೈಬಿಟ್ಟಿತು. ಮೂರನೆಯದು ಶೀರ್ಷಿಕೆಯಲ್ಲಿ ಬರುವುದು ಕಡಿಮೆ.