ದುಡಿಮೆ ನಿಂತಾಗ ಬಂದ ದುಡ್ಡು

ತಿಂಗಳ ಕೊನೆಯ ವಾರ ಎಂದರೆ ಏನೆಂದು ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಡಬ್ಬಿಯ ತಳ ಕಾಣುತ್ತದೆ. ಹಾಲಿನವನಿಗೆ 'ನಾಳೆ ಬಾರಪ್ಪಾ' ಅನ್ನುತ್ತೇವೆ. ಸಾಸಿವೆ ಡಬ್ಬಿಗೆ ಕೈ ಹೋಗುತ್ತದೆ. ಆದರೂ ಒಂದನೇ ತಾರೀಕು ಬಂದೇ ಬರುತ್ತದೆ ಎಂಬ ಧೈರ್ಯ ಇರುವುದರಿಂದ ಸಂಸಾರ ಹೇಗೋ ನಡೆಯುತ್ತದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಲಕ್ಷಾಂತರ ಮನೆಗಳಲ್ಲಿ ಆ ಧೈರ್ಯವೇ ಹೋಯಿತು. ಕ್ಷೌರದ ಅಂಗಡಿ ಮುಚ್ಚಿತು, ಆಟೋ ಮನೆಯ ಮುಂದೆ ನಿಂತಿತು, ಗಾರೆಯವನ ಕರಣಿ ಮೂಲೆ ಸೇರಿತು. ಮೈಯಲ್ಲಿ ಶಕ್ತಿಯಿದೆ, ಆದರೆ ದುಡಿಯಲು ಹೊರಗೆ ಹೋಗುವಂತಿಲ್ಲ. ಬರಗಾಲ ಕಂಡ ನಮ್ಮ ಅಜ್ಜಿಯರೂ ಇಂಥದ್ದನ್ನು ಕಂಡಿರಲಿಲ್ಲ.

ಆಗ ಸರ್ಕಾರದಿಂದ ದುಡ್ಡು ಬಂತು. ಎಷ್ಟು ಬಂತು, ಯಾರಿಗೆ ಬಂತು, ಯಾರ ಮನೆ ಬಾಗಿಲು ದಾಟಿ ಮುಂದೆ ಹೋಯಿತು? 'ಅದೆಲ್ಲ ಮುಗಿದ ಕತೆ ಬಿಡಿ' ಎನ್ನಬೇಡಿ. ಅಂದು ಕೈಗೆ ದುಡ್ಡು ಸಿಗಲು, ಸಿಗದಿರಲು ಇದ್ದ ಕಾರಣಗಳು ಇವತ್ತೂ ನಿಮ್ಮ ಮನೆಯ ಟ್ರಂಕಿನಲ್ಲೇ, ಕಾಗದ ಪತ್ರಗಳ ನಡುವೆ ಕೂತಿವೆ.

ಮೊದಲು ಬಂದದ್ದು ಹೆಂಗಸರ ಹೆಸರಿನಲ್ಲಿ. 2020ರ ಮಾರ್ಚ್ 26ರಂದು ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಜನಧನ ಖಾತೆ ಇರುವ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಏಪ್ರಿಲ್‌ನಿಂದ ಮೂರು ತಿಂಗಳು ಕೊಡುವುದಾಗಿ ಹೇಳಿದರು. ಬ್ಯಾಂಕಿನಲ್ಲಿ ನೂಕುನುಗ್ಗಲಾಗಬಾರದೆಂದು ಖಾತೆಯ ಕೊನೆಯ ಅಂಕಿ ನೋಡಿ ದಿನ ಗೊತ್ತು ಮಾಡಿದರು. 0 ಅಥವಾ 1 ಇದ್ದವರಿಗೆ ಏಪ್ರಿಲ್ 3, 2 ಅಥವಾ 3 ಇದ್ದವರಿಗೆ ಏಪ್ರಿಲ್ 4, ಹೀಗೆ 9ನೇ ತಾರೀಕಿನವರೆಗೆ. ಆದರೂ ಸಾಲು ನಿಂತಿತು. ಯಾಕೆ ಗೊತ್ತೆ? ಬೇಗ ತೆಗೆಯದಿದ್ದರೆ ಸರ್ಕಾರ ದುಡ್ಡು ವಾಪಸು ತೆಗೆದುಕೊಳ್ಳುತ್ತದೆ ಅಂತ ಗಾಳಿಸುದ್ದಿ ಹಬ್ಬಿತ್ತು. ಹಾಗೇನೂ ಇಲ್ಲ, ಯಾವಾಗ ಬೇಕಾದರೂ ತೆಗೆಯಬಹುದು ಎಂದು ಸರ್ಕಾರವೇ ಹೇಳಬೇಕಾಯಿತು.

ಐನೂರು ರೂಪಾಯಿಗೆ ಏನು ಬಂದೀತು ಎಂದು ಮೂಗು ಮುರಿಯುವವರುಂಟು. ಎಣ್ಣೆ, ಬೇಳೆ, ಸೋಪು, ಮಗುವಿನ ಹಾಲು ಎಂದು ಲೆಕ್ಕ ಹಾಕಿದರೆ ಒಂದು ವಾರಕ್ಕೂ ಸಾಲದು, ನಿಜ. ಆದರೆ ಗಂಡನ ಕೈಗೆ ಹೋಗದೆ ನೇರವಾಗಿ ಹೆಂಡತಿಯ ಪಾಸ್‌ಬುಕ್ಕಿಗೆ ಬಂದ ದುಡ್ಡಿನ ತೂಕ ಬೇರೆ. ಅದು ಅನುಭವಿಸಿದವರಿಗೇ ಗೊತ್ತು.

ನನ್ನನ್ನು ಕೇಳಿದರೆ, ಆ ಕಾಲದಲ್ಲಿ ಸಿಕ್ಕ ನೆರವುಗಳಲ್ಲೆಲ್ಲ ಹೆಚ್ಚು ಮನೆಗಳನ್ನು ಉಳಿಸಿದ್ದು ದುಡ್ಡಲ್ಲ, ಅಕ್ಕಿ. ಬಿಪಿಎಲ್ ಇಲ್ಲವೇ ಅಂತ್ಯೋದಯ ಪಡಿತರ ಚೀಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಎಂದಿನ ಪಾಲಿನ ಮೇಲೆ ಹೆಚ್ಚುವರಿಯಾಗಿ, ಪುಕ್ಕಟೆಯಾಗಿ ಕೊಟ್ಟರು. ನಡುವೆ ಕೆಲವು ತಿಂಗಳು ಬಿಟ್ಟು ಇದು 2022ರ ಡಿಸೆಂಬರ್‌ವರೆಗೆ ನಡೆಯಿತು. ಇದಕ್ಕೆ ಹೊಸ ಅರ್ಜಿ ಬೇಕಿರಲಿಲ್ಲ, ಸೈಬರ್ ಅಂಗಡಿಯ ಮುಂದೆ ಕಾಯಬೇಕಿರಲಿಲ್ಲ. ಇದ್ದ ಕಾರ್ಡು, ಇದ್ದ ನ್ಯಾಯಬೆಲೆ ಅಂಗಡಿ. ಕಷ್ಟಕಾಲದಲ್ಲಿ ಹೊಸ ದಾರಿ ಹುಡುಕುವುದಕ್ಕಿಂತ ತುಳಿದ ದಾರಿಯೇ ವಾಸಿ ಅಲ್ಲವೇ?

ಇನ್ನು ನಮ್ಮ ರಾಜ್ಯದ ಮಾತಿಗೆ ಬನ್ನಿ. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ 5,000. ಕೈಮಗ್ಗದ ನೇಕಾರರಿಗೆ 2,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟಿದ್ದ 2,000ದ ಜೊತೆಗೆ ಮತ್ತೆ 3,000. ಹೂವು ತೋಟದಲ್ಲೇ ಬಾಡಿದ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಕೇಳಲು ಸಮಾಧಾನವೇ.

ಆದರೆ ಘೋಷಣೆ ಬೇರೆ, ಕೈಗೆ ಬರುವುದು ಬೇರೆ. ಸೇವಾ ಸಿಂಧು ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಟೋದವನಿಗೆ ಚಾಲನಾ ಪರವಾನಗಿ, ಬ್ಯಾಡ್ಜು, ಗಾಡಿಯ ನಂಬರು ಇರಬೇಕು. ಸೇಟಿನ ಗಾಡಿಯನ್ನು ಬಾಡಿಗೆಗೆ ಓಡಿಸುವವನು, ಬ್ಯಾಡ್ಜು ನವೀಕರಿಸದವನು ಏನು ಮಾಡಬೇಕು? ಕ್ಷೌರಿಕ ತಾನು ಕ್ಷೌರಿಕನೆಂದು ಪ್ರಮಾಣ ಪತ್ರ ತರಬೇಕು. ಮೂರು ತಲೆಮಾರಿನಿಂದ ಊರಿನವರ ತಲೆಯೆಲ್ಲ ಅವರ ಮನೆಯವರ ಕೈಯಲ್ಲೇ ಇದ್ದರೂ, 'ನೀನು ಯಾರಪ್ಪಾ?' ಅಂತ ಕೇಳಿದಂತಾಯಿತು! ಕಾಗದ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೇಳದಿದ್ದರೆ ಕಳ್ಳರು ನುಂಗಿಹಾಕುತ್ತಾರೆ. ಆದರೆ ಕಚೇರಿಗಳೇ ಅರೆಬರೆ ತೆರೆದಿದ್ದ, ಬಸ್ಸು ಓಡದ ದಿನಗಳಲ್ಲಿ ಬಡವ ಆ ಕಾಗದವನ್ನು ಎಲ್ಲಿಂದ ತರಬೇಕು?

ಒಂದು ಲೆಕ್ಕ ನೋಡಿ. 2020ರಲ್ಲಿ ಸರ್ಕಾರ ಹಾಕಿದ ಅಂದಾಜಿನಲ್ಲಿ ಚಾಲಕರು 7,75,000 ಮಂದಿ. ಎರಡನೇ ಅಲೆ ಬಂದಾಗ, 2021ರ ಮೇ 19ರಂದು ಪ್ರಕಟವಾದ 1,250 ಕೋಟಿಯ ನೆರವಿನಲ್ಲಿ ತಲಾ 3,000 ಕೊಡಲು ಹಾಕಿದ ಅಂದಾಜು 2,10,000 ಮಂದಿಯದು. ಹಾಗೆಯೇ 2020ರಲ್ಲಿ ಕ್ಷೌರಿಕರು 2,30,000, ಅಗಸರು 60,000 ಎಂದಿದ್ದರು. ಮಾರನೇ ವರ್ಷ ಆ ಇಬ್ಬರ ಜೊತೆಗೆ ದರ್ಜಿಗಳು, ಕುಂಬಾರರು, ಕಮ್ಮಾರರು, ಚಮ್ಮಾರರು, ಮೆಕ್ಯಾನಿಕ್‌ಗಳು, ಚಿಂದಿ ಆಯುವವರು, ಮನೆಗೆಲಸದವರು ಎಲ್ಲರನ್ನೂ ಸೇರಿಸಿ ತಲಾ 2,000 ಎಂದರು. ಇಷ್ಟೂ ಜನರ ಒಟ್ಟು ಅಂದಾಜು 3,04,000! ಕರ್ನಾಟಕದಲ್ಲಿ ಬಟ್ಟೆ ಹೊಲಿಯುವವರು, ಪಾತ್ರೆ ತೊಳೆಯುವವರು ಅಷ್ಟೇನಾ? ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ. ಇರುವವರ ಲೆಕ್ಕಕ್ಕೂ ಪುಸ್ತಕದಲ್ಲಿ ಬರೆದವರ ಲೆಕ್ಕಕ್ಕೂ ಇರುವ ಅಂತರ ಇದು.

ಈ ಅಂತರದಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ. ಮನೆಯಲ್ಲೇ ರವಿಕೆ ಹೊಲಿಯುವಾಕೆಗೆ ಬೋರ್ಡಿಲ್ಲ, ಲೈಸೆನ್ಸಿಲ್ಲ. ಹೂ ಕಟ್ಟುವಾಕೆ, ಹಪ್ಪಳ ಒತ್ತಿ ಅಂಗಡಿಗೆ ಹಾಕುವಾಕೆ ಯಾವ ಪಟ್ಟಿಯಲ್ಲೂ ಇಲ್ಲ. ಗಂಡನೇ ಆಕೆಯನ್ನು 'ಮನೇಲೇ ಇರ್ತಾಳೆ' ಅನ್ನುತ್ತಾನೆ. ಆಕೆಯ ದುಡಿಮೆ ನಿಂತದ್ದೇ ಯಾರಿಗೂ ತಿಳಿಯಲಿಲ್ಲ, ಇನ್ನು ನೆರವು ಎಲ್ಲಿಂದ ಬರಬೇಕು?

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ 2020ರ ಏಪ್ರಿಲ್ ತಿಂಗಳ ಸಂಬಳ ಕೊಟ್ಟಿರಾ? 'ಅವಳು ಬರಲಿಲ್ಲವಲ್ಲ' ಎನ್ನುತ್ತೀರೇನೋ. ಬರಬೇಡ ಎಂದದ್ದು ನಾವು. ಲಾಕ್‌ಡೌನಿನಲ್ಲಿ ಸಂಬಳ ಕಡಿಯಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಹೊರಡಿಸಿದ ಆದೇಶ ಕಾರ್ಖಾನೆ, ಅಂಗಡಿ, ವಾಣಿಜ್ಯ ಸಂಸ್ಥೆಗಳ ಮಾಲೀಕರಿಗೆ ಹೊರತು ನಮ್ಮ ನಿಮ್ಮಂಥ ಮನೆಯೊಡತಿಯರಿಗಲ್ಲ. ಮೇ 18ರಿಂದ ಅದೂ ರದ್ದಾಯಿತು. ಹಾಗಾಗಿ ಮನೆಗೆಲಸದಾಕೆಯ ಪಾಲಿಗೆ ಉಳಿದದ್ದು ನಮ್ಮ ಮನಸ್ಸಾಕ್ಷಿಯೊಂದೇ. ಪೂರ್ತಿ ಕೊಟ್ಟವರಿದ್ದಾರೆ, ಅರ್ಧ ಕೊಟ್ಟವರಿದ್ದಾರೆ, ಫೋನೇ ಎತ್ತದವರೂ ಇದ್ದಾರೆ. ಅವರ ಮನೆಯಲ್ಲೂ ಆಗ ಸಂಬಳ ಬಂದಿರಲಿಲ್ಲವೇನೋ, ಯಾರಿಗೆ ಗೊತ್ತು.

ಕಂತಿನ ವಿಷಯದಲ್ಲಿ ಮಾತ್ರ ಬಹಳ ಮಂದಿ ಮೋಸ ಹೋದೆವೆಂದುಕೊಂಡರು. ಸಾಲದ ಕಂತನ್ನು ಮುಂದೂಡಲು ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಿಂದ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತ್ತು. ಮುಂದೂಡುವುದೆಂದರೆ ಮನ್ನಾ ಅಲ್ಲ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಒಂದು ಲಕ್ಷ ಸಾಲವಿದ್ದರೆ ತಿಂಗಳಿಗೆ ಸಾವಿರ, ಆರು ತಿಂಗಳಿಗೆ ಆರು ಸಾವಿರ ಬಡ್ಡಿ ಬೆಳೆದೇ ಬೆಳೆಯಿತು. ಎರಡು ಕೋಟಿಯೊಳಗಿನ ಸಾಲಗಳಿಗೆ ಆ ಆರು ತಿಂಗಳ ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ ಆಮೇಲೆ ಸರ್ಕಾರ ತುಂಬಿಕೊಟ್ಟಿತು. ಭವಿಷ್ಯನಿಧಿಯಿಂದ ಮೂರು ತಿಂಗಳ ಸಂಬಳದಷ್ಟು ಅಥವಾ ಇದ್ದ ಹಣದ ಮುಕ್ಕಾಲು, ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಲು ಬಿಟ್ಟದ್ದೂ ನೆರವಿನ ಪಟ್ಟಿಯಲ್ಲಿತ್ತು. ನಮ್ಮ ಮುಪ್ಪಿನ ದುಡ್ಡನ್ನೇ ನಮಗೆ ಕೊಟ್ಟು ನೆರವೆಂದರೆ ಏನು ಹೇಳೋಣ!

ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಕೇಳಬೇಕಾದ ಸಂಗತಿ ಇನ್ನೊಂದಿತ್ತು. ಸಂಬಳದಲ್ಲಿ ಇಎಸ್‌ಐಗೆ ಹಿಡಿಯುತ್ತಾರಲ್ಲ, ಅದು ಆಸ್ಪತ್ರೆಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಆಗ ಕೆಲಸ ಕಳೆದುಕೊಂಡವರಿಗೆ, ಕನಿಷ್ಠ ಎರಡು ವರ್ಷ ವಿಮೆಯಲ್ಲಿದ್ದರೆ, ಸರಾಸರಿ ದಿನಗೂಲಿಯ ಅರ್ಧದಷ್ಟು 90 ದಿನದವರೆಗೆ ಕೊಡುವ ಯೋಜನೆಯೂ ಅದರಲ್ಲಿತ್ತು. ಲಂಡನ್ನಿನಲ್ಲಿ ಮಕ್ಕಳಿರುವವರು ಫೋನಿನಲ್ಲಿ ಕೇಳಿರಬಹುದು, ಅಲ್ಲಿ ಕೆಲಸಕ್ಕೆ ಹೋಗಲಾಗದ ನೌಕರರಿಗೆ ಸಂಬಳದ ನೂರಕ್ಕೆ 80ರಷ್ಟನ್ನು, ತಿಂಗಳಿಗೆ 2,500 ಪೌಂಡು ಮೀರದಂತೆ, ಸರ್ಕಾರವೇ ತುಂಬಿತು. ಅದು ಸಾಧ್ಯವಾದದ್ದು ಪ್ರತಿ ನೌಕರನ ಸಂಬಳ ಅಲ್ಲಿನ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಮೊದಲೇ ಇದ್ದುದರಿಂದ. ನಮ್ಮಲ್ಲಿ ಬಹುಪಾಲು ದುಡಿಮೆ ಬಾಯಿಮಾತಿನದು.

ಇದಕ್ಕಾಗಿಯೇ 2021ರ ಆಗಸ್ಟ್ 26ರಂದು ಇ-ಶ್ರಮ್ ಎಂಬ ನೋಂದಣಿ ಶುರುವಾಯಿತು. 16ರಿಂದ 59 ವಯಸ್ಸಿನ, ಪಿಎಫ್ ಮತ್ತು ಇಎಸ್‌ಐ ಇಲ್ಲದ, ಆದಾಯ ತೆರಿಗೆ ಕಟ್ಟದ ದುಡಿಯುವವರು ಯಾರು ಬೇಕಾದರೂ ಹೆಸರು ಬರೆಸಬಹುದು. ಟೈಲರಮ್ಮ, ಹೂವಮ್ಮ, ಮನೆಗೆಲಸದಾಕೆ ಎಲ್ಲರಿಗೂ ಸಲ್ಲುತ್ತದೆ. 12 ಅಂಕಿಯ ನಂಬರಿರುವ ಕಾರ್ಡು ಸಿಗುತ್ತದೆ. ನೋಂದಣಿಗೆ ದುಡ್ಡಿಲ್ಲ. ಗಾರೆ ಕೆಲಸಕ್ಕೆ ಹೋಗುವವರಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇರೆಯೇ ಇದೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು, ಅವಧಿ ಮುಗಿದಾಗ ನವೀಕರಿಸುವುದನ್ನು ಮರೆಯಬಾರದು.

ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದೆಯೇ ಎಂದು ಬ್ಯಾಂಕಿಗೆ ಹೋದಾಗ ಕೇಳಿ. ಆಧಾರ್‌ನಲ್ಲಿರುವ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಮಗ ಬೆಂಗಳೂರಿಗೆ ಹೋಗುವಾಗ ತೆಗೆದುಕೊಂಡು ಹೋದ ಸಿಮ್ಮಿನ ನಂಬರೇ ಅಲ್ಲಿದ್ದರೆ, ಓಟಿಪಿ ಅವನ ಫೋನಿಗೆ ಹೋಗುತ್ತದೆ, ನೀವು ಇಲ್ಲಿ ಕೌಂಟರಿನ ಮುಂದೆ ನಿಂತಿರುತ್ತೀರಿ. ಪಡಿತರ ಚೀಟಿಗೆ ಹೊಸ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಸೇರಿದೆಯೋ ಇಲ್ಲವೋ ಅದನ್ನೂ ನೋಡಿಕೊಳ್ಳಿ; ಅಕ್ಕಿ ತಲೆ ಎಣಿಸಿ ಬರುತ್ತದೆ.

ಇನ್ನು ಆ ಮನೆಗೆಲಸದಾಕೆ. ಆಕೆ ನಿಮ್ಮಲ್ಲಿ ದುಡಿಯುತ್ತಾಳೆ ಎಂಬುದಕ್ಕೆ, ಬಾರದ ದಿನ ನೀವು ಕ್ಯಾಲೆಂಡರಿನಲ್ಲಿ ಹಾಕಿದ ಗುರುತು ಬಿಟ್ಟರೆ ಬೇರೇನು ದಾಖಲೆ ಇದೆ? ನಾಳೆ ಬರುವಾಗ ಆಧಾರ್ ಕಾರ್ಡು, ಪಾಸ್‌ಬುಕ್ಕು ತರಲು ಹೇಳಿ. ಆಕೆಯ ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ನಿಮ್ಮ ಕಾಲೇಜಿಗೆ ಹೋಗುವ ಮಗಳೇ ಮನೆಯಲ್ಲಿ ಕೂತು ಇ-ಶ್ರಮ್ ಮಾಡಿಕೊಟ್ಟಾಳು. ಇಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬೇಕು. ಅಂದು ಅರ್ಧ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ.