ಅಂಗಳಕ್ಕೊಂದು ಆಸನ: ಬಯಲುಸೀಮೆಯ ಕಟ್ಟೆ, ಹೊರಸುಗಳಿಂದ ತೋಟಿಗರು ಕಲಿಯಬಹುದಾದದ್ದು

ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ನಮ್ಮ ಬೆಳೆಗಾರರಿಗೆ ಸ್ವಲ್ಪ ಬಿಡುವು ದೊರೆಯುತ್ತದೆ. ಬೇಲಿ ಸರಿಪಡಿಸುವುದು, ಹೆಂಚು ಕೈಯಾಡಿಸುವುದು, ಕಣ ಸಾರಿಸುವುದು ಇವೆಲ್ಲ ಆಗ ನಡೆಯುವ ಕೆಲಸಗಳು. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ಅದೆಂದರೆ ಅಂಗಳದಲ್ಲಿ, ಜಗಲಿಯ ಅಂಚಿನಲ್ಲಿ, ಕೂಲಿಗಾರರ ಸಾಲುಮನೆಗಳ ಮುಂದೆ ಕುಳಿತುಕೊಳ್ಳಲು ಒಂದು ಗಟ್ಟಿಯಾದ ಆಸನ.

ಇದಕ್ಕೂ ಲೇಖನ ಬೇಕೆ ಎಂದು ಕೆಲವರು ಕೇಳಬಹುದು. ಪೇಟೆಯ ಪ್ಲಾಸ್ಟಿಕ್ ಕುರ್ಚಿ ಬಿಸಿಲಿನಲ್ಲಿಟ್ಟರೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಕಬ್ಬಿಣದ್ದು ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ತೇಗದ್ದು ಸಣ್ಣ ಹಿಡುವಳಿದಾರನ ಕೈಗೆ ಎಟುಕುವುದಿಲ್ಲ. ಹೀಗಾಗಿ ಮನೆಯ ಮುದುಕರು ಮೆಟ್ಟಿಲ ಮೇಲೆ ಕೂರುತ್ತಾರೆ, ಹಣ್ಣು ಕೊಯ್ದು ಬಂದ ಹೆಣ್ಣಾಳು ಒದ್ದೆ ನೆಲದ ಮೇಲೆ ಕೂರುತ್ತಾಳೆ, ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವವರ ಬೆನ್ನು ಸುಗ್ಗಿ ಮುಗಿಯುವಷ್ಟರಲ್ಲಿ ಬಾಗಿಹೋಗಿರುತ್ತದೆ. ಅದೇ ವೇಳೆಗೆ ಕಿತ್ತು ಹಾಕಿದ ರೊಬಸ್ಟಾ ಬುಡಗಳೂ ಉರುಳಿದ ಅಡಿಕೆ ಮರಗಳೂ ನಮ್ಮ ಒಲೆಗೆ ಹೋಗುತ್ತವೆ. ವಿಚಾರ ಮಾಡಬೇಕಾದ ಸಂಗತಿ ಇದು.

ಮರವಿಲ್ಲದ ಸೀಮೆಯ ಪಾಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕು ಊರುಗಳ ಸುತ್ತಿನ ಸೀಮೆಯನ್ನು ನೋಡಿದವರಿಗೆ ಒಂದು ಮಾತು ಹೊಳೆಯುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಹೊಲದ ಬದುವಿನಲ್ಲಿ ಬೇವು, ಹಳ್ಳದ ದಂಡೆಯಲ್ಲಿ ಜಾಲಿ. ಇದ್ದೊಂದು ಗುಡ್ಡಸಾಲು ಕಪ್ಪತಗುಡ್ಡ. ಅದನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ, ಅಲ್ಲಿಂದ ಮರ ತರುವ ಮಾತೇ ಇಲ್ಲ. ಆದರೂ ಆ ಸೀಮೆಯಲ್ಲಿ ಹೊರಗೆ ಕುಳಿತು ಮಾತನಾಡಲು ಜಾಗವಿಲ್ಲದ ಹಳ್ಳಿಯಿಲ್ಲ. ಬಾಗಿಲ ಎರಡು ಮಗ್ಗುಲಿಗೆ ಕಟ್ಟೆ, ಬೇವಿನ ಬುಡಕ್ಕೊಂದು ಕಟ್ಟೆ, ಬೇಸಿಗೆಯ ರಾತ್ರಿಗೆ ಅಂಗಳದಲ್ಲಿ ಹೊರಸು. ಮರವಿಲ್ಲದ ಸೀಮೆಯವರು ಮರ ಉಳಿಸುವುದನ್ನು ಕಲಿತರು. ಮರವಿರುವ ನಾವು ಸುಡುವುದನ್ನು ಕಲಿತೆವು.

ಈ ಕುಶಲತೆ ಇಂದು ನಿನ್ನೆಯದಲ್ಲ. ಗದುಗಿನ ತ್ರಿಕೂಟೇಶ್ವರ ಗುಡಿಯ ತೆರೆದ ಮಂಟಪವನ್ನು ನೋಡಿರಿ. ಅಂಚಿನ ಕಲ್ಲಿನ ಆಸನಗಳಿಗೆ ಒರಗುವ ಕಲ್ಲನ್ನು ನೆಟ್ಟಗೆ ನಿಲ್ಲಿಸದೆ ಹೊರಕ್ಕೆ ವಾಲಿಸಿದ್ದಾರೆ. ಇದಕ್ಕೆ ಕಕ್ಷಾಸನವೆಂದು ಹೆಸರು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗೆ ಗೊತ್ತಿದ್ದ ಸತ್ಯ ಇಂದಿನ ಎಷ್ಟೋ ಬಡಗಿಗಳಿಗೆ ಮರೆತುಹೋಗಿದೆ: ನೆಟ್ಟಗಿರುವ ಒರಗು ಬೆನ್ನಿಗೆ ಶಿಕ್ಷೆ. ಒರಗಿನ ಮೇಲ್ತುದಿಯನ್ನು ಮೂರು ನಾಲ್ಕು ಅಂಗುಲ ಹಿಂದಕ್ಕೆ ವಾಲಿಸಿದರೆ ಸಾಕು, ಹಲಗೆಯೂ ಮೆತ್ತೆಯಂತೆ ತೋರುತ್ತದೆ.

ಕಲ್ಲಿನ ಕಟ್ಟೆ

ಎಲ್ಲಕ್ಕಿಂತ ಕಡಿಮೆ ದುಡಿಮೆ, ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಹಾಸುಗಲ್ಲಿನ ಬೆಂಚಿಗೆ. 5 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಂಗುಲ ದಪ್ಪದ ಒಂದು ಚಪ್ಪಡಿ, ಎರಡು ಕಂಬ, ಇಷ್ಟೇ ಸಾಮಾನು. ಕಂಬಗಳನ್ನು ಚಪ್ಪಡಿಯ ಎರಡೂ ತುದಿಯಿಂದ ಒಂದೊಂದು ಅಡಿ ಒಳಕ್ಕೆ ನಿಲ್ಲಿಸಬೇಕು. ಆಗ ನಡುವಿನ ಅಂತರ 3 ಅಡಿ ಉಳಿಯುತ್ತದೆ. ತೀರ ತುದಿಗೆ ಕಂಬ ಕೊಟ್ಟರೆ ನಡುಭಾಗದಲ್ಲಿ ಭಾರ ಹೆಚ್ಚಾಗಿ ಕಲ್ಲು ಒಡೆಯಬಹುದು. ಕಲ್ಲು ಒತ್ತಡವನ್ನು ತಡೆಯುತ್ತದೆಯೇ ಹೊರತು ಬಾಗುವಿಕೆಯನ್ನು ತಡೆಯುವುದಿಲ್ಲ. ಇಂಥ ಚಪ್ಪಡಿ ಸುಮಾರು 95 ಕಿಲೋ ತೂಗುತ್ತದೆ. ಎತ್ತಲು ನಾಲ್ಕು ಆಳು ಬೇಕು, ಮಕ್ಕಳನ್ನು ದೂರವಿಡಬೇಕು. ಕಂಬದ ತಲೆಗೆ ಗಾರೆ ಹಾಕಿ ಕೂರಿಸದೆ ಸುಮ್ಮನೆ ಮೇಲಿಟ್ಟ ಚಪ್ಪಡಿ ಎಂದಾದರೊಂದು ದಿನ ಯಾರದಾದರೂ ಕಾಲ ಮೇಲೆ ಬೀಳುತ್ತದೆ.

ಎರೆಮಣ್ಣಿನವರು ಇಲ್ಲಿ ಒಂದು ಎಚ್ಚರ ವಹಿಸುತ್ತಾರೆ. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರಲ್ಲಿ ನೇರವಾಗಿ ಹುಗಿದ ಕಂಬ ಎರಡು ವರ್ಷಕ್ಕೆ ವಾಲುತ್ತದೆ. ಆದ್ದರಿಂದ ಕುಣಿಯನ್ನು ಗರಸು ಸಿಗುವವರೆಗೆ ತೋಡಬೇಕು. ಗರಸು ಸಿಗದಿದ್ದರೆ ಎರಡು ಅಡಿ ಆಳ ತೋಡಿ, ಹೊರಗಿನಿಂದ ಗರಸು ತಂದು ತುಂಬಿ, ನೀರು ಹಾಕಿ ದಿಮ್ಮಸು ಬಡಿಯಬೇಕು. ನಮ್ಮ ಕೆಂಪುಮಣ್ಣಿಗೆ ಇಷ್ಟು ಶ್ರಮ ಬೇಡ. ಆದರೆ ನೀರು ಹರಿದುಹೋಗುವಂತೆ ಬುಡಕ್ಕೆ ಜಲ್ಲಿ ಹಾಕುವುದು ಒಳ್ಳೆಯದು.

ಮರದ ಸುತ್ತ ಕಟ್ಟೆ ಕಟ್ಟುವಾಗ ಹಲವರು ಬುಡದವರೆಗೂ ಸಿಮೆಂಟು ಬಳಿಯುತ್ತಾರೆ. ಇದು ಮರಕ್ಕೆ ಕುತ್ತು. ಬೊಡ್ಡೆಯ ಸುತ್ತ ಒಂದೂವರೆ ಅಡಿ ಜಾಗ ಬಿಡಿ, ಬೊಡ್ಡೆಗೆ ಮಣ್ಣು ಏರಿಸಬೇಡಿ. ಬೇರು ಉಸಿರಾಡಿದರೆ ನೆರಳು ಉಳಿಯುತ್ತದೆ, ನೆರಳು ಉಳಿದರೆ ಕಟ್ಟೆಗೆ ಅರ್ಥ.

ಹೊರಸು

ನಾಲ್ಕು ಕಾಲು, ನಾಲ್ಕು ಪಟ್ಟಿ, ಒಂದು ಹಗ್ಗ. ಒಂದು ಮೊಳೆಯೂ ಇಲ್ಲ. ಹೊರಸಿನ ಜಾಣ್ಮೆ ಇರುವುದು ಇಲ್ಲಿಯೇ. ಕಾಲಿಗೆ ಕೊರೆದ ತೂತಿನಲ್ಲಿ ಪಟ್ಟಿಯ ಮೂತಿಯನ್ನು ಕೂರಿಸುತ್ತಾರೆ. ಹಗ್ಗದ ಬಿಗಿತವೇ ಪಟ್ಟಿಗಳನ್ನು ಒಳಕ್ಕೆ ಎಳೆದು ಇಡೀ ಚೌಕಟ್ಟನ್ನು ಭದ್ರಪಡಿಸುತ್ತದೆ. ಉದ್ದಪಟ್ಟಿಯ ತೂತು, ಅಡ್ಡಪಟ್ಟಿಯ ತೂತು ಒಂದೇ ಮಟ್ಟದಲ್ಲಿದ್ದರೆ ಕಾಲು ಸೀಳುತ್ತದೆ. ಒಂದನ್ನು ಸ್ವಲ್ಪ ಮೇಲೆ, ಇನ್ನೊಂದನ್ನು ಸ್ವಲ್ಪ ಕೆಳಗೆ ಕೊರೆಯಬೇಕು. ಬಯಲುಸೀಮೆಯಲ್ಲಿ ಕಾಲಿಗೆ ಜಾಲಿ ಅಥವಾ ಬೇವು. ನಮ್ಮಲ್ಲಿ ಸಿಲ್ವರ್ ಓಕ್ ಪಟ್ಟಿ, ರೊಬಸ್ಟಾ ಬುಡದ ಕಾಲು ಚೆನ್ನಾಗಿ ಹೊಂದುತ್ತವೆ.

ಹಗ್ಗದ ಲೆಕ್ಕ ಹೀಗೆ. ನೇಯುವ ಭಾಗ 5 ಅಡಿ ಉದ್ದ, 3 ಅಡಿ ಅಗಲ ಎಂದಿಟ್ಟುಕೊಳ್ಳಿ. ಅಂಗುಲಕ್ಕೊಂದು ಎಳೆಯಂತೆ ಅಡ್ಡಕ್ಕೆ 60 ಎಳೆ, ತಲಾ 3 ಅಡಿ, ಒಟ್ಟು 180 ಅಡಿ. ಉದ್ದಕ್ಕೆ 36 ಎಳೆ, ತಲಾ 5 ಅಡಿ, ಅದೂ 180 ಅಡಿ. ಎರಡೂ ಸೇರಿ 360 ಅಡಿ. ಪಟ್ಟಿಗೆ ಸುತ್ತಲು ಕಾಲು ಭಾಗ ಹೆಚ್ಚು ಹಿಡಿದರೆ 450 ಅಡಿ, ಅಂದರೆ ಸುಮಾರು 137 ಮೀಟರು. ಕಾಲ ಕಡೆಯಲ್ಲಿ ಒಂದು ಗೇಣು ಜಾಗ ನೇಯದೆ ಬಿಟ್ಟು, ಅಲ್ಲಿ ಬೇರೆ ಹಗ್ಗದಿಂದ ನೇಯ್ಗೆಯನ್ನು ಅಡ್ಡಪಟ್ಟಿಗೆ ಎಳೆದು ಕಟ್ಟಬೇಕು. ಹೊರಸು ಜೋಲು ಬಿದ್ದಾಗ ಈ ಬಿಗಿಹಗ್ಗವನ್ನು ಎಳೆದರಾಯಿತು, ಇಡೀ ನೇಯ್ಗೆ ಬಿಚ್ಚಬೇಕಾಗಿಲ್ಲ.

ಬಯಲುಸೀಮೆಯ ಪುಂಡಿನಾರಿನ ಹಗ್ಗ ಒಣಹವೆಗೆ ಸರಿ. ನಮ್ಮ ಮಳೆಗಾಲದಲ್ಲಿ ಬೇಗ ಕೊಳೆಯುತ್ತದೆ. ನಮಗೆ ತೆಂಗಿನ ನಾರಿನ ಹಗ್ಗವೇ ಮೇಲು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಕುಳಿತವನಿಗೆ ಅದು ಮುಂಚಿತವಾಗಿ ತಿಳಿಯುವುದಿಲ್ಲ. ಹಳೆಯ ಹತ್ತಿ ಸೀರೆಗಳನ್ನು ಸೀಳಿ ಹೊಸೆದ ಹಗ್ಗ ಮಣೆ, ಸ್ಟೂಲುಗಳ ನೇಯ್ಗೆಗೆ ಬಹಳ ಮೃದು. ಕೈಮಗ್ಗದ ಬೆಟಗೇರಿಯಂಥ ಊರಿನ ಗೃಹಿಣಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅಡಿಕೆ ದಬ್ಬೆಯ ಬೆಂಚು

ಬಲಿತ ಅಡಿಕೆ ಮರದ ಶಕ್ತಿ ಹೊರಸುತ್ತಿನಲ್ಲಿದೆ, ಒಳಗಿನದು ಬೆಂಡು. ದಬ್ಬೆ ಸೀಳಿದ ಮೇಲೆ ಬೆಂಡನ್ನು ಕತ್ತಿಯಿಂದ ಪೂರ್ತಿ ಹೆರೆಯಬೇಕು. ಬಿಟ್ಟರೆ ಅದು ನೀರು ಹೀರಿಟ್ಟುಕೊಂಡು ಬೂಸಲು ಹಿಡಿಸುತ್ತದೆ. ಬೆಂಚಿಗೆ 5 ಅಡಿ ಉದ್ದ, 2 ಅಂಗುಲ ಅಗಲದ 7 ದಬ್ಬೆಗಳು ಸಾಕು. ನಡುವೆ ಕಾಲಂಗುಲ ಸಂದು ಬಿಟ್ಟರೆ ಹದಿನೈದೂವರೆ ಅಂಗುಲ ಅಗಲದ ಪೀಠವಾಗುತ್ತದೆ, ಮಳೆನೀರೂ ಇಳಿದುಹೋಗುತ್ತದೆ. ನೆಲದಿಂದ ಪೀಠದ ಎತ್ತರ 16ರಿಂದ 17 ಅಂಗುಲ ಇರಲಿ. ಮಂಡಿನೋವಿನ ಹಿರಿಯರಿಗೆ 18 ಅಂಗುಲ ಅನುಕೂಲ. ದಬ್ಬೆಯ ಕೆಳಗೆ ಎರಡು ತುದಿ, ಒಂದು ನಡು, ಹೀಗೆ ಮೂರು ಅಡ್ಡಪಟ್ಟಿಗಳನ್ನು ಕೊಡಿ.

ಮೂರು ಎಚ್ಚರಿಕೆಗಳು. ಮೊಳೆ ಹೊಡೆಯುವ ಮುಂಚೆ ಬೈರಿಗೆಯಿಂದ ತೂತು ಕೊರೆಯಿರಿ, ಇಲ್ಲವಾದರೆ ದಬ್ಬೆ ಉದ್ದಕ್ಕೆ ಸೀಳುತ್ತದೆ. ನುಣುಪಾದ ಹೊರಮೈ ಮೇಲಿರಲಿ. ಅಂಚುಗಳನ್ನು ಚೆನ್ನಾಗಿ ಉಜ್ಜಿರಿ. ಅಡಿಕೆಯ ಸಿಬಿರು ತೊಡೆಗೆ ಹೊಕ್ಕರೆ ಸುಲಭವಾಗಿ ಬರುವುದಿಲ್ಲ.

ಹುಳುವಿನ ಕಾಟಕ್ಕೆ 100 ಲೀಟರು ನೀರಿಗೆ 2 ಕಿಲೋ ಬೋರಿಕ್ ಆಸಿಡ್, 3 ಕಿಲೋ ಬೊರಾಕ್ಸ್ ಕರಗಿಸಿ ದಬ್ಬೆಗಳನ್ನು ಕೆಲವು ದಿನ ನೆನೆಸಿ, ನೆರಳಿನಲ್ಲಿ ಒಣಗಿಸುವ ಕ್ರಮವಿದೆ. ಈ ಔಷಧಿ ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಇಂಥ ಬೆಂಚನ್ನು ಸೂರಿನ ಕೆಳಗಿಡಿ. ಉಳಿದ ನೀರನ್ನು ಬಾವಿ, ಹಳ್ಳ, ದನದ ಬಾನಿಯ ಹತ್ತಿರ ಚೆಲ್ಲಬೇಡಿ.

ಕಾಫಿ ಬುಡ: ಇಲ್ಲಿ ತಪ್ಪಿದರೆ ತೋಟಕ್ಕೇ ನಷ್ಟ

ಕಾಫಿ ಮರ ಗಟ್ಟಿ, ತೂಕದ್ದು, ಅದರ ತಿರುವುಗಳು ಕಣ್ಣಿಗೆ ಚೆಂದ. ಮೇಜಿನ ಕಾಲು, ಕುರ್ಚಿಯ ಕೈ, ಗೂಟಗಳಿಗೆ ಹೇಳಿ ಮಾಡಿಸಿದ್ದು. ಆದರೆ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು. ಬಿಳಿ ಕಾಂಡಕೊರಕ ಹತ್ತಿದ ಅರೇಬಿಕಾ ಗಿಡವನ್ನು ಕಿತ್ತು ಸುಡಬೇಕೆಂದು ಕಾಫಿ ಮಂಡಳಿ ಹೇಳುವುದು ಸುಮ್ಮನೆ ಅಲ್ಲ. ಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಬದುಕಿರುತ್ತದೆ. ಅಂಥ ಬುಡವನ್ನು ಕುರ್ಚಿಗೆಂದು ಕೊಟ್ಟಿಗೆಯಲ್ಲಿ ಒಣಗಲು ಇಟ್ಟರೆ, ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳಲ್ಲೋ ಹಿಂಗಾರಿನ ನಂತರವೋ ದುಂಬಿಗಳು ಹೊರಬಂದು ಪಕ್ಕದ ತೋಟಕ್ಕೆ ಹಾರುತ್ತವೆ. ಒಂದು ಕುರ್ಚಿಯ ಆಸೆಗೆ ನೆರೆಯವನ ಗಿಡಗಳನ್ನು ಬಲಿಕೊಟ್ಟಂತಾಗುತ್ತದೆ. ಆದ್ದರಿಂದ ಆಸನಕ್ಕೆ ರೊಬಸ್ಟಾ ಬುಡವನ್ನೇ ಆರಿಸಿರಿ. ಕಾಂಡದ ತೊಗಟೆಯಲ್ಲಿ ಏಣು ಕಂಡ ಅರೇಬಿಕಾ ಒಲೆಗೂ ಕಾಯುವುದು ಬೇಡ, ಆ ದಿನವೇ ಬೆಂಕಿಗೆ ಹೋಗಲಿ.

ಕಾನೂನಿನ ಮಾತು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ತೆಂಗು ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಉಂಟು. ಬೀಟೆ, ತೇಗ, ಹಲಸು, ಬೇವು ಯಾವುದೇ ಇರಲಿ, ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಉಪಕರಣ ಹತ್ತು ಮನೆಗೆ ಒಂದು

ಗರಗಸ, ಬಾಚಿ, ಉಳಿ, ಕೊಡತಿ, ಬೈರಿಗೆ, ಉಜ್ಜುಗೊರಡು, ರಸಮಟ್ಟ: ಇವಿಷ್ಟೂ ಒಂದೇ ಮನೆಯವರು ಕೊಂಡರೆ ಆಸನ ಅಗ್ಗವಾಗುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಬಳಸಿ ಉಳಿದ ದಿನ ತುಕ್ಕು ಹಿಡಿಸಲು ಯಾರೂ ಹಣ ಹಾಕಬಾರದು. ಇಲ್ಲಿ ಗದಗ ಸೀಮೆ ನಮಗೆ ಇನ್ನೊಂದು ಪಾಠ ಕಲಿಸುತ್ತದೆ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ 1904ರಲ್ಲಿ ಬಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಸಹಕಾರಿ ಚಳವಳಿಯ ತೊಟ್ಟಿಲೆಂದು ಆ ಹಳ್ಳಿಗೆ ಹೆಸರು.

ಅದೇ 1905ರಲ್ಲಿ ದೂರದ ಅಮೆರಿಕದಲ್ಲಿ ಒಂದು ಹೊರಾಂಗಣ ಕುರ್ಚಿಗೆ ಪೇಟೆಂಟು ದೊರೆಯಿತು. ಅಗಲ ಕೈಗಳ, ಇಳಿಜಾರು ಪೀಠದ ಆ ಹಲಗೆ ಕುರ್ಚಿಯನ್ನು 1903ರಲ್ಲಿ ರೂಪಿಸಿದವನು ಥಾಮಸ್ ಲೀ ಎಂಬವನು. ಚಳಿಗಾಲದಲ್ಲಿ ಕೆಲಸವಿಲ್ಲದ ಬಡಗಿ ಗೆಳೆಯನಿಗೆ ಜೀವನೋಪಾಯವಾಗಲೆಂದು ಆತ ಮಾದರಿಯನ್ನು ಕೊಟ್ಟನೆಂದೂ ಗೆಳೆಯ ಹ್ಯಾರಿ ಬನ್ನೆಲ್ ಅದಕ್ಕೆ ತನ್ನ ಹೆಸರಿನಲ್ಲೇ ಹಕ್ಕು ಪಡೆದನೆಂದೂ ಹೇಳುತ್ತಾರೆ. ಒಂದು ಕಡೆ ಹತ್ತು ಜನರ ಪುಡಿಗಾಸು ಒಂದಾಗಿ ಎಲ್ಲರ ಸಾಲ ನೀಗಿತು. ಇನ್ನೊಂದು ಕಡೆ ಒಬ್ಬನ ಜಾಣ್ಮೆ ಮತ್ತೊಬ್ಬನ ಸ್ವತ್ತಾಯಿತು. ಸಹಕಾರಿಗಳಾದ ನಮಗೆ ಯಾವ ದಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಊರಿನಲ್ಲೂ ಹತ್ತು ಮನೆಯವರು ಸೇರಿ ಒಂದು ಜೊತೆ ಉಪಕರಣ ಕೊಳ್ಳಲಿ. ಹಗ್ಗವನ್ನು ಒಟ್ಟಿಗೆ ತರಿಸಲಿ. ಹೊರಸು ಹೆಣೆಯಬಲ್ಲ ಹಿರಿಯರು ಸಾಲುಮನೆಗಳಲ್ಲೇ ಇರಬಹುದು. ಉತ್ತರ ಕರ್ನಾಟಕದ ಬಯಲಿನಿಂದ ಕೊಯ್ಲಿಗೆ ಬರುವವರನ್ನು ಕೇಳಿ ನೋಡಿ, ಅವರ ಒಂದು ದಿನದ ಕೂಲಿ ಕೊಟ್ಟು ನಮ್ಮ ಹುಡುಗರಿಗೆ ಹೆಣಿಗೆ ಕಲಿಸಿರಿ. ಮಳೆ ಹಿಡಿಯುವ ಮುಂಚೆ ಮೊದಲ ಬೆಂಚು ಸಿದ್ಧವಾಗಲಿ. ಅದನ್ನು ಯಜಮಾನರ ಜಗಲಿಗಿಂತ ಮೊದಲು ಅಡಿಕೆ ಸುಲಿಯುವ ಚಪ್ಪರಕ್ಕೆ ಹಾಕಿಸಿದರೆ ಮುಂದಿನ ಸುಗ್ಗಿಯಲ್ಲಿ ಅದರ ಬೆಲೆ ತಾನೇ ತಿಳಿಯುತ್ತದೆ.